ಬ್ರಷ್ ಕಟರ್ ಇಂಜಿನ್ ಎಷ್ಟು ಕಾಲ ಬಾಳುತ್ತದೆ, ಮೊದಲು ಸವೆಯುವುದು ಏನು?

ಶ್ರೀನಿವಾಸಪುರದ ಮಾವಿನ ತೋಪಿರಲಿ, ಮುಳಬಾಗಿಲು ಕಡೆಯ ಟೊಮೇಟೊ ಹೊಲದ ಬದುವಿರಲಿ, ಕಾಂಗ್ರೆಸ್ ಗಿಡ, ಹುಲ್ಲು ಹೊಡೆಯಲು ಈಗ ಹೆಗಲ ಮೇಲಿನ ಬ್ರಷ್ ಕಟರ್ರೇ ಗತಿ. ಒಂದೇ ಮಾಡೆಲ್ ಮೆಷಿನ್ ಒಬ್ಬರ ಹತ್ತಿರ ಏಳೆಂಟು ವರ್ಷ ಓಡುತ್ತದೆ, ಪಕ್ಕದ ಹೊಲದವರ ಹತ್ತಿರ ಎರಡನೇ ಮುಂಗಾರಿಗೇ ಕೈಕೊಡುತ್ತದೆ. ಕಾರಣ ಹುಡುಕಿದರೆ ಹೆಚ್ಚಿನ ಸಲ ಸಿಗುವುದು ಎರಡೇ: ಒಳಕ್ಕೆ ಹೋದ ಕೆಮ್ಮಣ್ಣಿನ ದೂಳು, ಪೆಟ್ರೋಲಿಗೆ ಕಣ್ಣಳತೆಯಲ್ಲಿ ಬೆರೆಸಿದ ಆಯಿಲ್.

ಆಯಸ್ಸನ್ನು ವರ್ಷದಲ್ಲಿ ಎಣಿಸಿದರೆ ಏನೂ ತಿಳಿಯುವುದಿಲ್ಲ, ಗಂಟೆಯಲ್ಲಿ ಎಣಿಸಬೇಕು. ಗಂಟೆ ಬರೆದಿಡುವುದು ಕಷ್ಟವಾದರೆ ಪೆಟ್ರೋಲ್ ಲೀಟರ್ ಬರೆದಿಡಿ. 35ರಿಂದ 52 ಸಿಸಿ ಇಂಜಿನ್ ಕೆಲಸದಲ್ಲಿ ಗಂಟೆಗೆ ಹೆಚ್ಚುಕಡಿಮೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ಕುಡಿಯುತ್ತದೆ. ಅಂದರೆ 200 ಲೀಟರ್ ಸುಟ್ಟ ಮೆಷಿನ್ ಇನ್ನೂರು ಗಂಟೆ ದಾಟಿದೆ ಅಂತಲೇ ಲೆಕ್ಕ. ಅಗ್ಗದ ಮೆಷಿನ್ನಿಗೆ 200–300 ಗಂಟೆಯಲ್ಲೇ ಪಿಸ್ಟನ್ನಿನ ಸುತ್ತ ಕೂರುವ ರಿಂಗ್ ಬದಲಿಸುವ ಕೆಲಸ ಬರಬಹುದು. ಒಳ್ಳೆಯ ಮೆಷಿನ್ನನ್ನು ಸರಿಯಾಗಿ ನೋಡಿಕೊಂಡರೆ 800–1000 ಗಂಟೆ ಬಿಚ್ಚದೆ ಓಡುವುದುಂಟು. ಕೆಲವು ಆಮದು ಮೆಷಿನ್‌ಗಳ ಲೇಬಲ್ ಮೇಲೆ 50, 125 ಅಥವಾ 300 ಗಂಟೆ ಎಂದಿರುತ್ತದೆ. ಅದು ಅಮೆರಿಕದ ಹೊಗೆ ನಿಯಮಕ್ಕೆ ಸಂಬಂಧಿಸಿದ ಅವಧಿ. ಇಂಜಿನ್ ಅಷ್ಟೇ ಗಂಟೆ ಬಾಳುತ್ತದೆ ಎಂದು ಅರ್ಥವಲ್ಲ, ಆದರೂ ಎರಡು ಮೆಷಿನ್ ಹೋಲಿಸುವಾಗ 300 ಇರುವುದನ್ನೇ ತೆಗೆದುಕೊಳ್ಳಿ.

ಮೊದಲು ಹೋಗುವುದು ರಬ್ಬರ್

ಇಂಜಿನ್ ಹೋಯಿತು ಎಂದು ಅಂಗಡಿಗೆ ಬರುವ ಎಷ್ಟೋ ಮೆಷಿನ್‌ಗಳಲ್ಲಿ ಇಂಜಿನ್ ಸರಿಯಾಗಿಯೇ ಇರುತ್ತದೆ. ಹೋಗಿರುವುದು ಪೆಟ್ರೋಲ್ ಪೈಪು, ಸ್ಟಾರ್ಟ್ ಮಾಡುವ ಮೊದಲು ಒತ್ತುವ ಪ್ರೈಮರ್ ಬಲ್ಬ್, ಕಾರ್ಬೊರೇಟರ್ ಒಳಗಿನ ಡಯಾಫ್ರಮ್ ಎಂಬ ತೆಳು ಪರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ಬಗೆಯ ರಬ್ಬರನ್ನು ಊದಿಸಿ, ಒಣಗಿದ ಮೇಲೆ ಗಡುಸು ಮಾಡುತ್ತದೆ. ಚೋಕ್ ಹಾಕಿದಾಗ ಮಾತ್ರ ಓಡಿ, ಚೋಕ್ ತೆಗೆದೊಡನೆ ನಿಂತರೆ ಅನುಮಾನ ಇಲ್ಲಿಗೇ ಬರಲಿ. ಪೈಪಿನಲ್ಲಿ ಗುಳ್ಳೆ ಕಂಡರೆ ಪೈಪ್ ಎಲ್ಲೋ ಸೀಳಿದೆ. ಡಯಾಫ್ರಮ್ ತೆಗೆದು ಬೆರಳಲ್ಲಿ ಒತ್ತಿ ನೋಡಿ: ಒಳ್ಳೆಯದು ಬಟ್ಟೆಯ ಹಾಗೆ ಬಳುಕುತ್ತದೆ, ಸತ್ತದ್ದು ಒಣ ಎಲೆಯ ಹಾಗೆ ಸದ್ದು ಮಾಡುತ್ತದೆ. ಎರಡು ವರ್ಷಕ್ಕೊಮ್ಮೆ ಡಯಾಫ್ರಮ್ ಕಿಟ್, ಪೈಪು, ಟ್ಯಾಂಕಿನೊಳಗಿನ ಫಿಲ್ಟರ್ ಒಟ್ಟಿಗೇ ಬದಲಾಯಿಸಿಬಿಡಿ.

ಸ್ಪಾರ್ಕ್ ಪ್ಲಗ್ಗನ್ನು ನೂರು ಗಂಟೆಗೊಮ್ಮೆ ಬದಲಾಯಿಸಿ, ಗ್ಯಾಪ್ 0.6–0.7 ಮಿ.ಮೀ. ಇರಲಿ. ಸ್ಟಾರ್ಟರ್ ಹಗ್ಗ ಎಳೆ ಬಿಡುತ್ತಿದ್ದಂತೆಯೇ ಬದಲಿಸಿ. ಬ್ಲೇಡ್ ತಿರುಗುವ ಗೇರ್ ತಲೆಗೆ 25 ಗಂಟೆಗೊಮ್ಮೆ ಲಿಥಿಯಂ ಗ್ರೀಸ್ ಬೇಕು, ಆದರೆ ಪೂರ್ತಿ ತುಂಬಬೇಡಿ. ತುಂಬಿದರೆ ಕಾದು ಸೀಲನ್ನೇ ಹೊರಕ್ಕೆ ತಳ್ಳುತ್ತದೆ.

ಆಕ್ಸಿಲರೇಟರ್ ಬಿಟ್ಟರೂ ಬ್ಲೇಡ್ ತಿರುಗುತ್ತಿದ್ದರೆ ಮೊದಲು ಐಡ್ಲಿಂಗ್ ಇಳಿಸಿ ನೋಡಿ. ಆಗಲೂ ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ಸಡಿಲವಾಗಿದೆ. ಅದನ್ನು ಇವತ್ತೇ ಮಾಡಿಸಿ, ಕಾಲಿನ ಪ್ರಶ್ನೆ.

ಕ್ಲಚ್ ಬೇಗ ಸವೆಯಲು ಇನ್ನೊಂದು ಕಾರಣವಿದೆ. ಬ್ಲೇಡಿನ ಮೇಲಿನ ಗಾರ್ಡ್ ಅಡ್ಡಿಯಾಗುತ್ತದೆ ಎಂದು ಬಿಚ್ಚಿ ಎಸೆಯುವವರೇ ಹೆಚ್ಚು. ಬ್ಲೇಡಿನ ಬದಲು ಹಾಕುವ ನೈಲಾನ್ ದಾರ ಉದ್ದ ಬಂದಾಗ ಅಳತೆಗೆ ಕತ್ತರಿಸುವ ಸಣ್ಣ ಬ್ಲೇಡು ಅದೇ ಗಾರ್ಡಿನಲ್ಲಿರುತ್ತದೆ. ಅದಿಲ್ಲದಿದ್ದರೆ ದಾರ ಬೇಕಾಬಿಟ್ಟಿ ಉದ್ದವಾಗಿ ಗಾಳಿಯನ್ನೇ ಹೊಡೆಯುತ್ತಾ ಇಂಜಿನ್ನಿಗೆ ಭಾರವಾಗುತ್ತದೆ. ಇಂಜಿನ್ ಪೂರ್ತಿ ಸ್ಪೀಡಿಗೆ ಏರುವುದಿಲ್ಲ, ಕ್ಲಚ್ ಜಾರುತ್ತದೆ, ಎಲ್ಲವೂ ಬಿಸಿಯೇರುತ್ತದೆ. ಗಾರ್ಡ್ ಉಳಿಸಿದರೆ ಕಣ್ಣೂ ಉಳಿಯುತ್ತದೆ, ಇಂಜಿನ್ನೂ ಉಳಿಯುತ್ತದೆ.

ದೂಳು

ಜನವರಿಯಿಂದ ಮೇ ತಿಂಗಳವರೆಗೆ ನಮ್ಮ ಕಡೆಯ ಕೆಮ್ಮಣ್ಣು ಹಿಟ್ಟಿನ ಹಾಗೆ ಏಳುತ್ತದೆ. ಬ್ರಷ್ ಕಟರಿನ ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಗಾಳಿ ನೇರ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಹೋಗಿ ಆಮೇಲೆ ಮೇಲೇರುತ್ತದೆ. ಹಾಗಾಗಿ ಫಿಲ್ಟರ್ ದಾಟಿದ ದೂಳು ಬೇರಿಂಗನ್ನೂ ತಿನ್ನುತ್ತದೆ, ಪಿಸ್ಟನ್ನನ್ನೂ ತಿನ್ನುತ್ತದೆ, ರಿಂಗನ್ನೂ ತಿನ್ನುತ್ತದೆ. ಪೆಟ್ರೋಲಿನ ಜತೆಗಿನ ಆಯಿಲ್ ಪಸೆಗೆ ಆ ದೂಳು ಅಂಟಿಕೊಂಡರೆ ಒಳಗೆ ಸಾಣೆ ಹಿಡಿದ ಹಾಗೆಯೇ.

ಬೇಸಿಗೆಯಲ್ಲಿ ಪ್ರತಿದಿನ, ಹುಲ್ಲು ಒಣಗಿದ್ದರೆ ಪ್ರತಿ ಎರಡು ಟ್ಯಾಂಕಿಗೊಮ್ಮೆ ಫಿಲ್ಟರ್ ನೋಡಿ. ಮುಚ್ಚಳ ಬಿಚ್ಚುವ ಮೊದಲು ಚೋಕ್ ಮುಚ್ಚಿ, ಇಲ್ಲದಿದ್ದರೆ ಉದುರುವ ಮಣ್ಣು ಸೀದಾ ಕಾರ್ಬೊರೇಟರಿಗೆ ಬೀಳುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಿನಲ್ಲಿ ಹಿಂಡಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ನಾಲ್ಕೈದು ಹನಿ 2ಟಿ (ಟೂ-ಸ್ಟ್ರೋಕ್) ಆಯಿಲ್ ಹಾಕಿ ಕಿವುಚಿ, ಹೆಚ್ಚಾದದ್ದನ್ನು ಹಿಂಡಿ ತೆಗೆಯಿರಿ. ಕಾಗದದ ಫಿಲ್ಟರನ್ನು ತೊಳೆಯಬೇಡಿ, ತಟ್ಟಿ ಉದುರಿಸಿ. ಸೂಜಿ ತೂತಿನಷ್ಟು ಹರಿದಿದ್ದರೂ ಎಸೆಯಿರಿ. ಒಣಗಲು ಪುರುಸೊತ್ತಿಲ್ಲವೆಂದು ಫಿಲ್ಟರ್ ಇಲ್ಲದೆ ಒಂದು ಟ್ಯಾಂಕ್ ಓಡಿಸುವುದು ಇಂಜಿನ್ನಿಗೆ ಮಾಡುವ ಅತಿ ದೊಡ್ಡ ದ್ರೋಹ. ಎರಡು ಫಿಲ್ಟರ್ ಇಟ್ಟುಕೊಂಡರೆ ಆ ತಾಪತ್ರಯವೇ ಇರುವುದಿಲ್ಲ.

ಸಿಲಿಂಡರಿನ ರೆಕ್ಕೆಗಳ ನಡುವೆ ಸೇರಿದ ಹೊಟ್ಟು, ಹುಲ್ಲನ್ನೂ ಬ್ರಷ್ಷಿನಿಂದ ತೆಗೆಯಿರಿ. ಈ ಇಂಜಿನ್ನಿಗೆ ತಂಪು ಕೊಡುವುದು ಅಲ್ಲಿ ಹಾಯುವ ಗಾಳಿಯೊಂದೇ.

ಆಯಿಲ್ ಅಳತೆ

ಪುಸ್ತಕದಲ್ಲಿ 50:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, 40:1 ಆದರೆ 25 ಮಿಲಿ, 25:1 ಆದರೆ 40 ಮಿಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ 20 ಮಿಲಿ ಸಿರಿಂಜ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬಾಟಲಿ ಮುಚ್ಚಳದ ಲೆಕ್ಕ ಬೇಡ, ಒಂದೊಂದು ಕಂಪನಿಯ ಮುಚ್ಚಳ ಒಂದೊಂದು ಅಳತೆ. ಡಬ್ಬದ ಮೇಲೆ ಜಾಸೋ ಎಫ್‌ಡಿ (JASO FD) ಎಂದಿರುವ 2ಟಿ ಆಯಿಲ್ ತೆಗೆದುಕೊಳ್ಳಿ. ಬೈಕಿನ ಫೋರ್-ಸ್ಟ್ರೋಕ್ ಆಯಿಲ್ ಖಂಡಿತ ಬೇಡ.

ಸ್ವಲ್ಪ ಜಾಸ್ತಿ ಹಾಕಿದರೆ ಇಂಜಿನ್ನಿಗೆ ಒಳ್ಳೆಯದು ಎನ್ನುವ ಮಾತು ಅರ್ಧ ಸತ್ಯ. ಆಯಿಲ್ ತೀರಾ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಸೈಲೆನ್ಸರ್ ದಾರಿ ಕಟ್ಟಿಕೊಳ್ಳುತ್ತದೆ, ರಿಂಗ್ ಪಿಸ್ಟನ್ನಿನ ತೋಡಿನಲ್ಲೇ ಅಂಟಿಕೊಳ್ಳುತ್ತದೆ. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳೊಳಗೆ ಮುಗಿಸಿ. ಎಥನಾಲ್ ತೇವ ಎಳೆದುಕೊಳ್ಳುತ್ತದೆ. ಪಾರದರ್ಶಕ ಬಾಟಲಿಗೆ ಸುರಿದು ಇಟ್ಟಾಗ ಅಡಿಯಲ್ಲಿ ಬೇರೆ ಪದರ ಕಂಡರೆ ಅದನ್ನು ಮೆಷಿನ್ನಿಗೆ ಹಾಕಬೇಡಿ.

ಬಿಚ್ಚದೆ ಒಳಗೆ ನೋಡುವ ದಾರಿ

ಹಗ್ಗ ಎಳೆಯುವಾಗ ಮೊದಲಿನ ಬಿಗಿ ಇಲ್ಲವೆನ್ನಿಸಿದರೆ, ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ಸತಾಯಿಸಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡಿಸಿ. ಇಂಜಿನ್ ಬಿಸಿ ಮಾಡಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಜಾಗಕ್ಕೆ ಗೇಜ್ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಮುಳ್ಳು ನಿಲ್ಲುವವರೆಗೆ ಹಗ್ಗ ಎಳೆಯಿರಿ. 120ರ ಮೇಲೆ ಪಿಎಸ್‌ಐ ಬಂದರೆ ಆರೋಗ್ಯ ಚೆನ್ನಾಗಿದೆ. 90ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ರಿಂಗ್ ಸವೆದಿದೆ.

ಗೇಜ್ ಇಲ್ಲದಿದ್ದರೂ ಸೈಲೆನ್ಸರ್ ತಣ್ಣಗಾದ ಮೇಲೆ ಪ್ಲಗ್ ಕ್ಯಾಪ್ ಎಳೆದಿಟ್ಟು, ಸೈಲೆನ್ಸರಿನ ಬೋಲ್ಟ್ ಬಿಚ್ಚಿ, ಆ ಕಿಂಡಿಗೆ ಟಾರ್ಚ್ ಬಿಟ್ಟು ನೋಡಬಹುದು. ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ ಪಿಸ್ಟನ್ನನ್ನು ಮೇಲೆ ಕೆಳಗೆ ಮಾಡಿ. ಒಳ್ಳೆಯ ಪಿಸ್ಟನ್ ಮೈಮೇಲೆ ಲೇತಿನ ಸಣ್ಣ ಅಡ್ಡ ಗೆರೆಗಳು ಇನ್ನೂ ಕಾಣುತ್ತವೆ. ಈ ಕಿಂಡಿಯ ಕಡೆ ಉದ್ದುದ್ದ ಗೀರು ಬಿದ್ದು ಅಲ್ಯೂಮಿನಿಯಂ ಮೆತ್ತಿಕೊಂಡಿದ್ದರೆ ಆಯಿಲ್ ಕಡಿಮೆಯಾಗಿ ಅಥವಾ ಕಾದು ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡಿದೆ. ಆಮೇಲೆ ಕಾರ್ಬೊರೇಟರ್ ಕಳಚಿ ಆ ಕಡೆಯಿಂದಲೂ ನೋಡಿ. ಅಲ್ಲಿ ಅಡ್ಡ ಗೆರೆಗಳು ಅಳಿಸಿ ಪಿಸ್ಟನ್ ಮಂಕಾಗಿ, ಮರಳು ಕಾಗದ ಉಜ್ಜಿದ ಹಾಗಿದ್ದರೆ ಅದು ದೂಳಿನ ಕೆಲಸ. ಈ ವ್ಯತ್ಯಾಸ ತಿಳಿಯದೆ ಬರೀ ಪಿಸ್ಟನ್ ಬದಲಾಯಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಾನಾಗಿ ಕಿರುಚಿ ಏರುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಗಾಳಿ ಎಳೆಯುತ್ತಿರಬಹುದು. ಆ ಸ್ಥಿತಿಯಲ್ಲಿ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಕೆಲಸ ಮುಂದುವರಿಸಿದರೆ ಕಾದು ಪಿಸ್ಟನ್ ಹಿಡಿಯುತ್ತದೆ. ಫ್ಲೈವ್ಹೀಲ್ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಸಡಿಲ ಕಂಡರೆ ಬೇರಿಂಗ್ ಹೋಗಿದೆ. ಅಗ್ಗದ ಮೆಷಿನ್ನಿನಲ್ಲಿ ಬೇರಿಂಗಿನವರೆಗೆ ಹೋದ ಮೇಲೆ ದುಡ್ಡು ಸುರಿಯುವುದು ಬೇಡ ಎಂದೇ ನಮ್ಮ ಸಲಹೆ.

ರಿಂಗ್ ಮಾತ್ರ ಹಾಕಿಸುವುದಾದರೆ ಸಿಲಿಂಡರ್ ಒಳಮೈ ನೋಡಿ. ಹೆಚ್ಚಿನವಕ್ಕೆ ಕ್ರೋಮ್ ಅಥವಾ ನಿಕಾಸಿಲ್ ಲೇಪ ಇರುತ್ತದೆ, ಬೈಕಿನ ಹಾಗೆ ಬೋರ್ ಹೊಡೆಸಲು ಬರುವುದಿಲ್ಲ. ಲೇಪ ಸುಲಿದು ಬಿಳಿ ಅಲ್ಯೂಮಿನಿಯಂ ಕಂಡರೆ ಸಿಲಿಂಡರನ್ನೂ ಸೇರಿಸಿಯೇ ಬದಲಿಸಬೇಕು. ಹೊಸ ಪಿಸ್ಟನ್ ಕೂರಿಸುವಾಗ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಲಿ, ರಿಂಗಿನ ಎರಡು ತುದಿ ತೋಡಿನಲ್ಲಿರುವ ಸಣ್ಣ ಪಿನ್ನನ್ನು ಅಪ್ಪಿ ಕೂರಲಿ. ಪಿನ್ನಿನ ಮೇಲೇರಿದ ರಿಂಗ್ ಮೊದಲ ಎಳೆತಕ್ಕೇ ಮುರಿಯುತ್ತದೆ. ಮೊದಲ ನಾಲ್ಕೈದು ಟ್ಯಾಂಕ್ ಪೂರ್ತಿ ಆಕ್ಸಿಲರೇಟರ್ ಒತ್ತಿ ಹಿಡಿಯದೆ, ಬಿಟ್ಟು ಬಿಟ್ಟು ಓಡಿಸಿ. ಕೆಲಸ ನಿಲ್ಲಿಸುವಾಗ ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ.

ಹಿಂಗಾರು ಮುಗಿದು ಮೆಷಿನ್ ಅಟ್ಟಕ್ಕೆ ಹೋಗುವುದಾದರೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿ. ಪ್ಲಗ್ ತೆಗೆದು ಒಳಗೆ ಅರ್ಧ ಚಮಚ 2ಟಿ ಆಯಿಲ್ ಹಾಕಿ, ಹಗ್ಗವನ್ನು ಮೂರು ಸಲ ಮೆಲ್ಲಗೆ ಎಳೆದು ಪ್ಲಗ್ ಮುಚ್ಚಿ. ಮುಂದಿನ ಮುಂಗಾರಿಗೆ ತೆಗೆದಾಗ ಮೊದಲ ಐದು ನಿಮಿಷ ಬಿಳಿ ಹೊಗೆ ಬರುತ್ತದೆ, ಅದು ಈ ಆಯಿಲಿನದೇ.