ವಾಚ್ 165 ಅನ್ನುತ್ತಿದೆ, ನಂಬಬಹುದಾ?

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್‌ನಲ್ಲಿ ಓಡುವವರ ಪೈಕಿ ಸ್ಮಾರ್ಟ್‌ವಾಚ್ ಕಟ್ಟದವರನ್ನು ಹುಡುಕಬೇಕು. ಈಗ ಅಗ್ಗದ ವಾಚ್‌ನಲ್ಲೂ ಹಾರ್ಟ್ ರೇಟ್ ಬರುತ್ತದೆ. ಆದರೆ ಆ ಸಂಖ್ಯೆ ನೋಡಿ ಏನು ಮಾಡಬೇಕು ಅನ್ನೋದೇ ಹಲವರಿಗೆ ಗೊತ್ತಿಲ್ಲ. ಕೆಲವರು 150 ದಾಟಿದ ಕೂಡಲೇ ಗಾಬರಿಯಾಗಿ ನಿಲ್ಲುತ್ತಾರೆ. ಇನ್ನು ಕೆಲವರು ದಾಟಿಸಲೇಬೇಕು ಅಂತ ಏದುಸಿರು ಬಿಡುತ್ತಾರೆ. ವಾಚನ್ನು ಸರಿಯಾಗಿ ಕಟ್ಟಿ, ಸರಿಯಾದ ಹೊತ್ತಿಗೆ ನೋಡಿದರೆ ಮಾತ್ರ ಆ ಸಂಖ್ಯೆಗೆ ಬೆಲೆ.

ಮೊದಲು ಕಟ್ಟುವ ವಿಷಯ

ವಾಚ್ ಹಿಂಬದಿ ಮಿನುಗುವ ಹಸಿರು ದೀಪ ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗೆ ರಕ್ತ ಏರಿ ಇಳಿಯುತ್ತದೆ, ಅದಕ್ಕೆ ತಕ್ಕ ಹಾಗೆ ವಾಪಸ್ ಬರುವ ಬೆಳಕೂ ಹೆಚ್ಚು ಕಡಿಮೆ ಆಗುತ್ತದೆ. ಸೆನ್ಸರ್ ಎಣಿಸುವುದು ಈ ಬೆಳಕಿನ ಏರಿಳಿತವನ್ನು. ಬಾಳೆಹಣ್ಣಿಗೆ ಕಟ್ಟಿದರೂ ಕೆಲವು ವಾಚುಗಳು ಏನೋ ಒಂದು ಸಂಖ್ಯೆ ತೋರಿಸಿಬಿಡುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಮಾಡಿ ನೋಡಿ, ಮಜಾ ಇರುತ್ತದೆ.

ಹಾಗಾಗಿ ಸೆನ್ಸರ್ ಪಕ್ಕದಿಂದ ಹೊರಗಿನ ಬೆಳಕು ಒಳಗೆ ನುಗ್ಗಬಾರದು. ಮಣಿಕಟ್ಟಿನ ಹತ್ತಿರ ಎದ್ದು ಕಾಣುವ ಮೂಳೆ ಇದೆಯಲ್ವಾ, ಅದರಿಂದ ಒಂದು ಬೆರಳಿನಷ್ಟು ಮೇಲೆ, ಮೊಣಕೈ ಕಡೆಗೆ ಕಟ್ಟಿ. ಕೈ ಬೀಸಿದರೆ ವಾಚ್ ಜಾರಬಾರದು. ಹಾಗಂತ ಬೆರಳು ಜೋಮು ಹಿಡಿಯುವಷ್ಟು ಬಿಗಿಯೂ ಬೇಡ. ವ್ಯಾಯಾಮ ಮುಗಿದ ಮೇಲೆ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಿಕೊಳ್ಳಿ.

ನಮ್ಮ ಕೈಗಳಿಗೇ ವಿಶೇಷವಾದ ಎರಡು ತೊಂದರೆಗಳಿವೆ. ಒಂದು, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ. ಅದರ ಗಂಟು ಸೆನ್ಸರ್ ಕೆಳಗೆ ಸಿಕ್ಕಿಕೊಂಡರೆ ವಾಚ್ ಒಂದು ಪಕ್ಕ ಎದ್ದು ನಿಲ್ಲುತ್ತದೆ. ಇನ್ನೊಂದು, ಬಳೆ. ಓಡುವಾಗ ಬಳೆ ಬಂದು ಬಂದು ವಾಚನ್ನು ತಳ್ಳುತ್ತಿರುತ್ತದೆ. ದಾರ, ಬಳೆ ಇಲ್ಲದ ಕೈಗೆ ವಾಚ್ ಬದಲಾಯಿಸಿದರೆ ಎರಡೂ ಬಗೆಹರಿಯುತ್ತವೆ. ಮಣಿಕಟ್ಟಿನ ಮೇಲೆ ಗಾಢ ಬಣ್ಣದ ಟ್ಯಾಟೂ ಇದ್ದರೂ ಇದೇ ಉಪಾಯ, ಶಾಯಿ ಬೆಳಕನ್ನು ತಡೆಯುತ್ತದೆ. ಎಣ್ಣೆ, ಸನ್‌ಸ್ಕ್ರೀನ್ ಮೆತ್ತಿದ್ದರೆ ಸೆನ್ಸರನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ.

ವರ್ಕೌಟ್ ಮೋಡ್ ಒತ್ತಿ

ಇದನ್ನು ಮರೆಯುವವರೇ ಜಾಸ್ತಿ. ಬ್ಯಾಟರಿ ಉಳಿಸಲು ಬಹಳಷ್ಟು ವಾಚುಗಳು ಉಳಿದ ಹೊತ್ತಿನಲ್ಲಿ ಆಗಾಗ ಮಾತ್ರ ಅಳೆಯುತ್ತವೆ. ನಡಿಗೆ, ಓಟ, ಸೈಕಲ್ ಅಂತ ಆರಿಸಿ ಶುರು ಮಾಡಿದರೆ ಮಾತ್ರ ಎಡೆಬಿಡದೆ ಅಳೆಯುತ್ತವೆ. ಮೊದಲು ಐದು ನಿಮಿಷ ನಿಧಾನವಾಗಿ ನಡೆಯಿರಿ. ಡಿಸೆಂಬರ್, ಜನವರಿಯ ಚಳಿಯಲ್ಲಂತೂ ಇದು ಬೇಕೇ ಬೇಕು. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿರುತ್ತವೆ, ಸೆನ್ಸರ್‌ಗೆ ಎಣಿಸಲು ಏನೂ ಸರಿಯಾಗಿ ಸಿಗುವುದಿಲ್ಲ. ಮೈ ಬಿಸಿಯಾದ ಮೇಲೆ ಬರುವ ಸಂಖ್ಯೆಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಿಮ್ಮ ಮಿತಿ ಎಷ್ಟು?

220ರಲ್ಲಿ ವಯಸ್ಸನ್ನು ಕಳೆದರೆ ಹೃದಯ ಬಡಿತದ ಗರಿಷ್ಠ ಮಿತಿ ಅನ್ನುವುದು ಎಲ್ಲರಿಗೂ ಗೊತ್ತಿರುವ ಸೂತ್ರ. ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುವುದು 2001ರಲ್ಲಿ ಬಂದ ಇನ್ನೊಂದು ಸೂತ್ರ. 40ರ ವಯಸ್ಸಿಗೆ ಎರಡರಲ್ಲೂ 180 ಬರುತ್ತದೆ. 60ಕ್ಕೆ ಬಂದರೆ ಹಳೆಯದು 160 ಅನ್ನುತ್ತದೆ, ಹೊಸದು 166. ವಯಸ್ಸಾದವರಿಗೆ ಹೊಸದೇ ಮೇಲು ಅಂತ ನನ್ನ ಅಭಿಪ್ರಾಯ. ಆದರೂ ಎರಡೂ ಸರಾಸರಿ ಲೆಕ್ಕಗಳೇ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು, ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು.

ಗರಿಷ್ಠದ ಶೇ 50ರಿಂದ 70ರವರೆಗೆ ಮಧ್ಯಮ ವ್ಯಾಯಾಮ, ಶೇ 70ರಿಂದ 85 ಜೋರಿನದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 40ರವರಿಗೆ ಮಧ್ಯಮ ಅಂದರೆ 90ರಿಂದ 126 ಆಯಿತು. ಆದರೆ 90 ಬರಲು ಮೂಲೆ ಅಂಗಡಿಗೆ ಹೋಗಿ ಹಾಲು ತಂದರೂ ಸಾಕು, ಅದನ್ನು ವ್ಯಾಯಾಮ ಅನ್ನೋದು ಹೇಗೆ? ಅದಕ್ಕೇ ವಿಶ್ರಾಂತಿಯ ಬಡಿತವನ್ನೂ ಸೇರಿಸಿ ಲೆಕ್ಕ ಹಾಕುವುದು ಒಳ್ಳೆಯದು.

ಬೆಳಿಗ್ಗೆ ಎಚ್ಚರವಾದ ಮೇಲೆ ಹಾಸಿಗೆಯಲ್ಲೇ, ಫಿಲ್ಟರ್ ಕಾಫಿಗೂ ಮೊದಲು ಬಡಿತ ನೋಡಿ. ನಾಲ್ಕೈದು ದಿನ ನೋಡಿ ಸರಾಸರಿ ತೆಗೆಯಿರಿ. ಅದು 70 ಅಂತ ಇಟ್ಟುಕೊಳ್ಳೋಣ. ಗರಿಷ್ಠ 180ರಲ್ಲಿ 70 ಕಳೆದರೆ 110. ಇದರ ಶೇ 40 ಅಂದರೆ 44, ಶೇ 59 ಅಂದರೆ ಸುಮಾರು 65. ಎರಡಕ್ಕೂ ಮತ್ತೆ 70 ಸೇರಿಸಿ. ನಿಮ್ಮ ಮಧ್ಯಮ ವ್ಯಾಯಾಮ 114ರಿಂದ 135. ಬಿರುಸಾಗಿ ನಡೆಯುವವರ ಅನುಭವಕ್ಕೆ ಇದು ಹತ್ತಿರ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಹಾರ್ಟ್ ರೇಟ್ ಝೋನ್ ಬದಲಾಯಿಸಲು ಬಿಟ್ಟರೆ ಹೀಗೆ ನಿಮ್ಮ ಲೆಕ್ಕಕ್ಕೆ ಬಂದ ಸಂಖ್ಯೆಗಳನ್ನೇ ಹಾಕಿ.

ಜೊತೆಗೆ ಖರ್ಚಿಲ್ಲದ ಒಂದು ಪರೀಕ್ಷೆ. ಪಕ್ಕದವರ ಜೊತೆ ಮಾತಾಡಲು ಆಗುತ್ತಿದೆ, ಹಾಡಲು ಆಗುತ್ತಿಲ್ಲ ಅಂದರೆ ನೀವು ಮಧ್ಯಮದಲ್ಲಿದ್ದೀರಿ. “ಇನ್ನೊಂದು ರೌಂಡ್ ಹೋಗೋಣ್ವಾ ಸಾರ್?” ಅಂತ ಕೇಳಲೂ ಉಸಿರು ಸಾಲದಿದ್ದರೆ ಜೋರಾಯಿತು. ವಾಚ್ ಒಂದು ಹೇಳಿ ಉಸಿರು ಇನ್ನೊಂದು ಹೇಳಿದರೆ, ನಾನಾದರೆ ಉಸಿರನ್ನೇ ನಂಬುತ್ತೇನೆ.

ಒಂದು ಮುಖ್ಯ ಎಚ್ಚರಿಕೆ: ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಆ ಮಾತ್ರೆಗಳು ಬಡಿತ ಏರದಂತೆ ಹಿಡಿಯುತ್ತವೆ. ಎಷ್ಟರವರೆಗೆ ಹೋಗಬಹುದು ಅಂತ ಡಾಕ್ಟರನ್ನೇ ಕೇಳಿ.

ವಾಚ್ ಸುಳ್ಳು ಹೇಳುವಾಗ

ಆರಾಮಾಗಿ ಮಾತಾಡಿಕೊಂಡು ಓಡುತ್ತಿದ್ದೀರಿ, ವಾಚ್ ಮಾತ್ರ 165 ಅನ್ನುತ್ತಿದೆ. ಆಗಿರುವುದೇನೆಂದರೆ, ಓಡುವಾಗ ನಿಮಿಷಕ್ಕೆ 150ರಿಂದ 180 ಹೆಜ್ಜೆ ಬೀಳುತ್ತವೆ. ಪ್ರತಿ ಹೆಜ್ಜೆಗೂ ಕೈ ಕುಲುಕುತ್ತದೆ. ವಾಚ್ ಕೆಲವು ಸಲ ಬಡಿತ ಬಿಟ್ಟು ಆ ಕುಲುಕಾಟವನ್ನೇ ಎಣಿಸಲು ಶುರು ಮಾಡುತ್ತದೆ. ಆ್ಯಪ್‌ನಲ್ಲಿ ಹೆಜ್ಜೆಯ ಗೆರೆ, ಬಡಿತದ ಗೆರೆ ಎರಡೂ ಒಂದರ ಮೇಲೊಂದು ಕೂತಿದ್ದರೆ ಅದೇ ಆಗಿದೆ ಅನ್ನಿ. ಅನುಮಾನ ಬಂದರೆ ನಿಂತ ಕ್ಷಣವೇ ಹೆಬ್ಬೆರಳಿನ ಬುಡದ ನಾಡಿಗೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ತಡ ಮಾಡಿದರೆ ಬಡಿತ ಇಳಿದುಬಿಡುತ್ತದೆ.

ಜಿಮ್‌ನಲ್ಲಿ ಡಂಬೆಲ್ ಹಿಡಿದಾಗ, ಪುಷ್‌ಅಪ್ ಮಾಡುವಾಗ, ಶಟಲ್ ಆಡುವಾಗ ಮಣಿಕಟ್ಟು ಬಾಗಿ ಸೆನ್ಸರ್ ತಬ್ಬಿಬ್ಬಾಗುತ್ತದೆ. ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರಿಗೂ ಅಷ್ಟೇ, ಹ್ಯಾಂಡಲ್ ಹಿಡಿತದ ಜೊತೆ ರಸ್ತೆ ಗುಂಡಿಗಳೂ ಸೇರಿಕೊಳ್ಳುತ್ತವೆ. ಇಂಥವರು ಎದೆಗೆ ಕಟ್ಟುವ ಪಟ್ಟಿ ಕೊಳ್ಳುವುದು ವಾಸಿ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಕಟ್ಟುವ ಮುಂಚೆ ಅದರ ಒಳಬದಿಯನ್ನು ನೀರಿನಲ್ಲಿ ಒದ್ದೆ ಮಾಡಬೇಕು. ಕೊಳ್ಳುವ ಮೊದಲು ನಿಮ್ಮ ವಾಚ್‌ಗೆ ಜೋಡಿಯಾಗುತ್ತದಾ ನೋಡಿಕೊಳ್ಳಿ.

ಏರುವ ಸಂಖ್ಯೆಯೆಲ್ಲ ಸುಳ್ಳೂ ಅಲ್ಲ. ಏಪ್ರಿಲ್ ಬಿಸಿಲಲ್ಲಿ ಅದೇ ವೇಗದಲ್ಲಿ ಓಡಿದರೂ ಅರ್ಧ ಗಂಟೆಯ ಮೇಲೆ ಬಡಿತ ಏರುತ್ತಾ ಹೋಗುತ್ತದೆ. ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿ ನೀರೂ ಕಡಿಮೆಯಾಗಿರುತ್ತದೆ. ವೇಗ ಇಳಿಸಿ, ನೀರು ಕುಡಿಯಿರಿ.

ನಿಂತ ಮೇಲಿನ ಒಂದು ನಿಮಿಷ

ಲಾಲ್‌ಬಾಗ್ ಬಂಡೆಯನ್ನು ಬಿರುಸಾಗಿ ಹತ್ತಿ, ಕೆಂಪೇಗೌಡರ ಗೋಪುರದ ಹತ್ತಿರ ಸಂಖ್ಯೆ ನೋಡಿಕೊಳ್ಳಿ. ಒಂದು ನಿಮಿಷ ನಿಧಾನಕ್ಕೆ ಅಡ್ಡಾಡಿ ಮತ್ತೆ ನೋಡಿ. 150 ಇದ್ದದ್ದು 125ಕ್ಕೆ ಬಂದರೆ ಚೆನ್ನಾಗಿದೆ. 12 ಅಥವಾ ಅದಕ್ಕಿಂತ ಕಡಿಮೆ ಇಳಿಯುವುದು ಪದೇ ಪದೇ ಆದರೆ ಡಾಕ್ಟರಿಗೆ ಹೇಳಿ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ವೇಗದಲ್ಲಿ ಮಾಡಿದರೆ ದಮ್ಮು ಹೆಚ್ಚಿದೆಯಾ ಇಲ್ಲವಾ ತಿಳಿಯುತ್ತದೆ.

ವಾಚ್ ನೋಡಬಾರದ ಹೊತ್ತು

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದಿದ್ದರು. ಆ ಭಯಕ್ಕೆ ವಾಚ್ ಕೊಂಡವರೂ ಇದ್ದಾರೆ. ಆದರೆ ವಾಚ್ ಹೃದಯಾಘಾತವನ್ನು ಕಂಡುಹಿಡಿಯುವುದಿಲ್ಲ. ಇಸಿಜಿ ಇರುವ ವಾಚುಗಳು ಕೆಲವು ಬಗೆಯ ಬಡಿತದ ಏರುಪೇರನ್ನು ಹಿಡಿಯಬಲ್ಲವು, ಅಷ್ಟೇ. ಎದೆಯಲ್ಲಿ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಡಿದರೆ, ತಣ್ಣಗೆ ಬೆವರಿ ತಲೆ ಸುತ್ತಿದರೆ ವಾಚ್ 90 ತೋರಿಸುತ್ತಿದ್ದರೂ ಕೂಡಲೇ ನಿಲ್ಲಿಸಿ, ಕೂತುಕೊಳ್ಳಿ. ಪಕ್ಕದಲ್ಲಿ ಯಾರಿದ್ದರೂ ಸರಿ, ಕರೆದು 108ಕ್ಕೆ ಫೋನ್ ಮಾಡಿಸಿ. ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ಸ್ವಂತ ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಡಿ.