ಅಗ್ಗದ ಟ್ಯಾಬ್ಲೆಟ್‌ಗಳ ವೈ-ಫೈ ಮತ್ತು ಯುಎಸ್‌ಬಿ ತೊಂದರೆಗಳು: ನನ್ನ ಅನುಭವ

ಮಂಡ್ಯದಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ನನ್ನ ಬಳಿಗೆ ಬರುವ ಟ್ಯಾಬ್ಲೆಟ್‌ಗಳಲ್ಲಿ ಹೆಚ್ಚಿನವು ಕಡಿಮೆ ಬೆಲೆಯವು. ಇಂಟೆಲ್ ಆಟಮ್ ಪ್ರೊಸೆಸರ್, 2 ಜಿಬಿ ರ್ಯಾಮ್ ಮತ್ತು 32 ಜಿಬಿ ಸಂಗ್ರಹವಿರುವ ಹಳೆಯ ವಿಂಡೋಸ್ ಟ್ಯಾಬ್‌ಗಳದು ಒಂದು ಗುಂಪು. ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಕೊರೊನಾ ಕಾಲದಲ್ಲಿ ಕೊಂಡ ಆಂಡ್ರಾಯ್ಡ್ ಟ್ಯಾಬ್‌ಗಳದು ಇನ್ನೊಂದು. ತಂದವರು ಹೇಳುವ ದೂರು ಬಹುಮಟ್ಟಿಗೆ ಎರಡೇ: ವೈ-ಫೈ ಸಂಪರ್ಕ ಉಳಿಯುವುದಿಲ್ಲ, ಇಲ್ಲವೇ ಯುಎಸ್‌ಬಿಗೆ ಹಾಕಿದ್ದು ಕಾಣಿಸುವುದಿಲ್ಲ. ಅದರ ಹಿಂದೆಯೇ, ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡಿ ಎಂಬ ಬೇಡಿಕೆಯೂ ಬರುತ್ತದೆ. ನಾನು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಇಂಥ ಯಂತ್ರಗಳಲ್ಲಿ ದೋಷವು ಹೊರಗೆ, ಅಂದರೆ ರೂಟರಿನಲ್ಲಿ, ಕೇಬಲಿನಲ್ಲಿ, ಚಾರ್ಜರಿನಲ್ಲಿ ಇರುವ ಸಂಭವವೇ ಹೆಚ್ಚು. ಒಳಗಿನದನ್ನು ಅಳಿಸಿದರೆ ಮತ್ತೆ ಸಿಗದಂಥದ್ದು ಕಳೆದುಹೋಗುವ ಸಂಭವವೂ ಅಷ್ಟೇ ಇದೆ. ಆದ್ದರಿಂದ ಹೊರಗಿನಿಂದ ಒಳಕ್ಕೆ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋಗುವುದು ನನ್ನ ಕ್ರಮ.

ವೈ-ಫೈ ದೂರು ಬಂದಾಗ ಮೊದಲು ನನ್ನ ಮೊಬೈಲಿನ ಹಾಟ್‌ಸ್ಪಾಟ್ ಅನ್ನು 2.4 ಗಿಗಾಹರ್ಟ್ಸ್‌ಗೆ (ವೈ-ಫೈ ಬಳಸುವ ರೇಡಿಯೊ ತರಂಗಗಳ ಒಂದು ಪಟ್ಟಿ; 5 ಗಿಗಾಹರ್ಟ್ಸ್ ಇನ್ನೊಂದು) ಇಟ್ಟು, ಟ್ಯಾಬನ್ನು ಅದಕ್ಕೆ ಸೇರಿಸಿ, ಅರ್ಧ ಗಂಟೆ ವಿಡಿಯೊ ಓಡಲು ಬಿಡುತ್ತೇನೆ. ಅಲ್ಲಿ ತಡೆಯಿಲ್ಲದೆ ನಡೆದರೆ ಟ್ಯಾಬ್ ಸರಿಯಾಗಿದೆ, ಮನೆಯ ರೂಟರನ್ನು ನೋಡಬೇಕು ಎಂದು ಅರ್ಥ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂಗಳಲ್ಲಿ ಪೇಯಿಂಗ್ ಗೆಸ್ಟ್ ಆಗಿರುವ ವಿದ್ಯಾರ್ಥಿಗಳು ತರುವ ಟ್ಯಾಬ್‌ಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಒಂದೇ ಕಟ್ಟಡದ ಪ್ರತಿ ಮಹಡಿಯಲ್ಲೂ ರೂಟರುಗಳಿರುತ್ತವೆ. ಈ ಟ್ಯಾಬ್‌ಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಗೊತ್ತೇ ಇಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದೆ ಕೆಲಸ ಮಾಡುವ ಚಾನೆಲ್‌ಗಳು, ಅಂದರೆ ಪಟ್ಟಿಯೊಳಗಿನ ದಾರಿಗಳು, 1, 6 ಮತ್ತು 11 ಮಾತ್ರ. ಹೀಗಿರುವಾಗ ರೂಟರಿನ ಚಾನೆಲ್ಲನ್ನು 40 ಮೆಗಾಹರ್ಟ್ಸ್ ಅಗಲಕ್ಕೆ ಇಟ್ಟರೆ ಅದೊಂದೇ ಪಟ್ಟಿಯ ಅರ್ಧದಷ್ಟನ್ನು ಆಕ್ರಮಿಸಿಕೊಂಡು, ಅಕ್ಕಪಕ್ಕದವರಿಗೂ ತನಗೂ ತೊಂದರೆ ತಂದುಕೊಳ್ಳುತ್ತದೆ. ಅಗಲವನ್ನು 20ಕ್ಕೆ ಇಳಿಸಿ, ಆ ಮೂರರಲ್ಲಿ ಖಾಲಿಯಿರುವ ಚಾನೆಲ್ಲಿಗೆ ಕೈಯಾರೆ ನಿಲ್ಲಿಸಿದರೆ ಅನೇಕ ಟ್ಯಾಬ್‌ಗಳ ರೋಗ ಅಲ್ಲಿಗೇ ವಾಸಿಯಾಗುತ್ತದೆ.

ರೂಟರ್ ಚಾನೆಲ್ಲನ್ನು ತಾನೇ ಆರಿಸಿಕೊಳ್ಳುವಂತೆ ಬಿಟ್ಟಾಗ ಇನ್ನೊಂದು ಸಮಸ್ಯೆ ಎದುರಾಗುತ್ತದೆ. ಅದು 12 ಅಥವಾ 13ಕ್ಕೆ ಹೋಗಿ ನಿಂತರೆ, ಅಮೆರಿಕದ ನಿಯಮಕ್ಕೆ ಹೊಂದಿಸಿ ತಯಾರಿಸಿದ ಟ್ಯಾಬ್‌ಗಳ ಪಟ್ಟಿಯಲ್ಲಿ ಆ ವೈ-ಫೈ ಹೆಸರೇ ಕಾಣಿಸುವುದಿಲ್ಲ. ಮನೆಯ ಉಳಿದ ಮೊಬೈಲುಗಳಲ್ಲಿ ಮಾತ್ರ ಕಾಣಿಸುತ್ತದೆ. ಹೊಸ ರೂಟರಿನಲ್ಲಿ ಡಬ್ಲ್ಯುಪಿಎ3 ಭದ್ರತೆಯನ್ನು ಮಾತ್ರ ಇಟ್ಟಿದ್ದರೆ ಹಳೆಯ ಟ್ಯಾಬ್ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಸೇರುವುದಿಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ಕ್ರಮಕ್ಕೆ ಬದಲಿಸಬೇಕು. ಹಾಸ್ಟೆಲ್ಲುಗಳಲ್ಲಿ ಪ್ರತಿ ಯಂತ್ರದ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) ಬರೆದುಕೊಂಡು ಅನುಮತಿ ಕೊಡುವ ಪದ್ಧತಿಯಿದ್ದರೆ, ಆಂಡ್ರಾಯ್ಡ್ 10ರಿಂದೀಚಿನ ಟ್ಯಾಬ್‌ಗಳು ಪ್ರತಿ ನೆಟ್‌ವರ್ಕಿಗೂ ಬೇರೆ ವಿಳಾಸ ತೋರಿಸುತ್ತವೆ ಎಂಬುದನ್ನು ನೆನಪಿನಲ್ಲಿಡಬೇಕು. ಆ ನೆಟ್‌ವರ್ಕಿನ ಗೌಪ್ಯತೆ ಸೆಟ್ಟಿಂಗ್‌ನಲ್ಲಿ ಯಂತ್ರದ ಮೂಲ ವಿಳಾಸವನ್ನೇ ಬಳಸುವಂತೆ ಹೇಳಿದರೆ ಸಾಕು.

ವೈ-ಫೈ ಸೇರಿದೆ, ಆದರೆ ಯಾವ ಜಾಲತಾಣವೂ ತೆರೆಯುತ್ತಿಲ್ಲ ಎಂದರೆ ನಾನು ಮೊದಲು ದಿನಾಂಕ ನೋಡುತ್ತೇನೆ. ಬ್ಯಾಟರಿ ಪೂರ್ತಿ ಬರಿದಾದ ಟ್ಯಾಬ್ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಂತಿರುತ್ತದೆ. ಆಗ ಜಾಲತಾಣ ಅಸಲಿಯೆಂದು ತೋರಿಸುವ ಭದ್ರತಾ ಪ್ರಮಾಣಪತ್ರಗಳೆಲ್ಲ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ದಿನಾಂಕ ಸರಿಯಿದ್ದೂ ಕೆಲವೇ ತಾಣಗಳು ತೆರೆಯದಿದ್ದರೆ ಆಂಡ್ರಾಯ್ಡ್ ಆವೃತ್ತಿ ನೋಡಬೇಕು. ಬಹಳಷ್ಟು ತಾಣಗಳು ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಪ್ರಮಾಣಪತ್ರಗಳ ಹಿಂದಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದ ಹೊಸ ಮೂಲವನ್ನು 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್ ತಾನಾಗಿ ನಂಬುವುದಿಲ್ಲ. ಅಂಥ ಟ್ಯಾಬಿನ ವೈ-ಫೈಯಲ್ಲಿ ಯಾವ ದೋಷವೂ ಇಲ್ಲವೆಂದು ಮಾಲೀಕರಿಗೆ ತಿಳಿಸಿ ಹೇಳುವುದು ನಮ್ಮ ಕರ್ತವ್ಯ. ವೈ-ಫೈ ರಿಪೇರಿಯ ಹೆಸರಿನಲ್ಲಿ ಅವರಿಂದ ಹಣ ಪಡೆಯಬಾರದು.

ಹಾಟ್‌ಸ್ಪಾಟಿನಲ್ಲೂ ವೈ-ಫೈ ಬಿಟ್ಟು ಹೋದರೆ ಟ್ಯಾಬಿನ ಒಳಕ್ಕೆ ಬರುತ್ತೇನೆ. ವಿಂಡೋಸ್ ಟ್ಯಾಬ್‌ಗಳಲ್ಲಿ ನಿದ್ರೆಯಿಂದ ಎದ್ದ ಮೇಲೆ ವೈ-ಫೈ ಗುರುತೇ ಮಾಯವಾಗುವುದು ಸಾಮಾನ್ಯ ದೂರು. ಲ್ಯಾಪ್‌ಟಾಪ್‌ಗಳಂತೆ ಇವುಗಳ ವೈ-ಫೈ ಚಿಪ್ ಪಿಸಿಐ ಎಕ್ಸ್‌ಪ್ರೆಸ್ ಎಂಬ ದಾರಿಯ ಮೂಲಕ ಜೋಡಿಸಿರುವುದಿಲ್ಲ. ಆರ್‌ಟಿಎಲ್8723ಬಿಎಸ್‌ನಂಥ ಚಿಪ್‌ಗಳು ಎಸ್‌ಡಿಐಒ ಎಂಬ, ಮೆಮೊರಿ ಕಾರ್ಡಿನ ಬಗೆಯ ದಾರಿಯಲ್ಲಿ ಬೋರ್ಡಿಗೆ ಸೇರಿರುತ್ತವೆ. ವಿದ್ಯುತ್ ಉಳಿಸಲೆಂದು ಆ ದಾರಿಯನ್ನು ಮಲಗಿಸಿದಾಗ ಚಿಪ್ ಮತ್ತೆ ಏಳದಿದ್ದರೆ ವಿಂಡೋಸಿನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲೂ ಅದು ಕಾಣಿಸುವುದಿಲ್ಲ. ಇಲ್ಲಿ ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದರೆ ಪ್ರಯೋಜನವಾಗದಿರಬಹುದು. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಹಳೆಯ ಸ್ಥಿತಿಯ ಒಂದು ಭಾಗವನ್ನು ಉಳಿಸಿಕೊಂಡು ಅದನ್ನೇ ಮತ್ತೆ ತೆರೆಯುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಡ್ರೈವರುಗಳೆಲ್ಲ, ಅಂದರೆ ಯಂತ್ರದ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶಗಳು, ಹೊಸದಾಗಿ ಏಳುತ್ತವೆ. ನಾನು ಫಾಸ್ಟ್ ಸ್ಟಾರ್ಟಪ್ ಅನ್ನು ತೆಗೆದು, ವೈ-ಫೈ ಅಡಾಪ್ಟರಿನ ಗುಣಲಕ್ಷಣಗಳಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನೂ ತೆಗೆಯುತ್ತೇನೆ. ಕೆಲವು ಟ್ಯಾಬ್‌ಗಳಲ್ಲಿ ಆ ಪುಟವೇ ಇರುವುದಿಲ್ಲ. ಅಲ್ಲಿ ಡ್ರೈವರನ್ನು ತಯಾರಕರ ಮೂಲ ಆವೃತ್ತಿಗೆ ಹಿಂದಿರುಗಿಸಿ ನೋಡುತ್ತೇನೆ. ಬ್ಲೂಟೂತ್ ಮತ್ತು ವೈ-ಫೈ ಎರಡೂ ಒಂದೇ ಚಿಪ್ಪಿನಲ್ಲಿ, ಒಂದೇ ಆಂಟೆನಾದಲ್ಲಿ ನಡೆಯುವುದರಿಂದ ಬ್ಲೂಟೂತ್ ಹೆಡ್‌ಫೋನ್ ಹಾಕಿದಾಗ ವೈ-ಫೈ ನಿಧಾನವಾಗುವುದು ಇವುಗಳ ಸ್ವಭಾವ. ತಂತಿಯ ಇಯರ್‌ಫೋನ್ ಬಳಸಿ ಎಂದು ಹೇಳುವುದೇ ಅದಕ್ಕೆ ಪ್ರಾಮಾಣಿಕ ಪರಿಹಾರ.

ಡ್ರೈವರುಗಳ ವಿಷಯವನ್ನು ವಿವರವಾಗಿಯೇ ಬರೆಯಬೇಕು, ಏಕೆಂದರೆ ಒಳ್ಳೆಯ ಟ್ಯಾಬ್‌ಗಳು ಕೆಟ್ಟುಹೋಗುವುದು ಇಲ್ಲಿಯೇ. ಮೈಕ್ರೋಸಾಫ್ಟ್ ಕೊಡುವ ಸಾಮಾನ್ಯ ವಿಂಡೋಸ್ ಪ್ರತಿಯನ್ನು ಪೆನ್‌ಡ್ರೈವಿನಿಂದ ಹೊಸದಾಗಿ ಹಾಕಿದಾಗ ಈ ಟ್ಯಾಬ್‌ಗಳಲ್ಲಿ ವೈ-ಫೈ, ಧ್ವನಿ, ಸ್ಪರ್ಶಪರದೆ ಮೂರೂ ಒಟ್ಟಿಗೆ ಹೋಗಬಹುದು. ಇರುವುದು ಒಂದೇ ಮೈಕ್ರೋ ಯುಎಸ್‌ಬಿ ಕಿಂಡಿಯಾದರೆ ಕೀಬೋರ್ಡ್, ಮೌಸ್, ಪೆನ್‌ಡ್ರೈವ್‌ಗಳಿಗೆಲ್ಲ ಒಟಿಜಿ ಹಬ್ (ಟ್ಯಾಬಿನ ಕಿಂಡಿಗೆ ಬೇರೆ ಸಾಧನಗಳನ್ನು ಜೋಡಿಸಿಕೊಡುವ ಕವಲು ಪೆಟ್ಟಿಗೆ) ಬೇಕು. ಆ ಹೊತ್ತಿನಲ್ಲಿ ಚಾರ್ಜ್ ಆಗುವುದಿಲ್ಲ. ಪ್ರೊಸೆಸರ್ 64 ಬಿಟ್ ಆದರೂ ಯಂತ್ರ ಹಚ್ಚಿದೊಡನೆ ಮೊದಲು ಓಡುವ ಒಳಗಿನ ಯುಇಎಫ್‌ಐ ತಂತ್ರಾಂಶ 32 ಬಿಟ್ ಆಗಿರುವ ಟ್ಯಾಬ್‌ಗಳು ಬಹಳ. ಅವುಗಳಲ್ಲಿ 64 ಬಿಟ್ ವಿಂಡೋಸಿನ ಪೆನ್‌ಡ್ರೈವ್ ಏಳುವುದೇ ಇಲ್ಲ. ಸ್ಪರ್ಶಪರದೆಗೆ ಆಯಾ ಮಾದರಿಗೇ ಹೊಂದಿಸಿದ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ತಂತ್ರಾಂಶ) ಬೇಕು. ಬೇರೆ ಮಾದರಿಯದನ್ನು ಹಾಕಿದರೆ ಎಡಕ್ಕೆ ಒತ್ತಿದ್ದು ಬಲಕ್ಕೆ ಬೀಳುತ್ತದೆ. ಕೆಲವು ವೈ-ಫೈ ಚಿಪ್‌ಗಳಿಗೂ ಡ್ರೈವರಿನ ಜೊತೆಗೆ ಆ ಬೋರ್ಡಿನ ಆಂಟೆನಾ, ಸ್ಫಟಿಕಗಳ ಅಳತೆ ಬರೆದಿರುವ ಎನ್‌ವಿರ್ಯಾಮ್ ಎಂಬ ಚಿಕ್ಕ ಪಠ್ಯ ಕಡತ ಇರಲೇಬೇಕು.

ಆದ್ದರಿಂದ ವಿಂಡೋಸ್ ಟ್ಯಾಬ್ ನನ್ನ ಮೇಜಿಗೆ ಬಂದು ತೆರೆದುಕೊಂಡರೆ, ದೂರು ಏನೇ ಇರಲಿ, ಮೊದಲು ವಿಂಡೋಸಿನಲ್ಲೇ ಇರುವ ಡಿಐಎಸ್‌ಎಂ ಉಪಕರಣದ ಎಕ್ಸ್‌ಪೋರ್ಟ್ ಡ್ರೈವರ್ ಆಜ್ಞೆಯಿಂದ ಅದರ ಡ್ರೈವರುಗಳನ್ನೆಲ್ಲ ಮೆಮೊರಿ ಕಾರ್ಡಿಗೆ ತೆಗೆದಿಡುತ್ತೇನೆ. ವಿಂಡೋಸಿನ ಸಿಸ್ಟಮ್32 ಫೋಲ್ಡರಿನ ಒಳಗಿನ ಡ್ರೈವರ್ಸ್ ಫೋಲ್ಡರನ್ನೂ ಪ್ರತ್ಯೇಕವಾಗಿ ನಕಲು ಮಾಡುತ್ತೇನೆ. ಎನ್‌ವಿರ್ಯಾಮ್ ಕಡತ ಅಲ್ಲಿ ಮಾತ್ರ ಉಳಿದಿರುವುದುಂಟು. ಮುಚ್ಚಳ ತೆಗೆದಾಗ ಬೋರ್ಡಿನ ಮೇಲೆ ಅಚ್ಚಾಗಿರುವ ಸಂಖ್ಯೆಯ ಚಿತ್ರ ತೆಗೆದು ಅದೇ ಫೋಲ್ಡರಿನಲ್ಲಿ ಇಡುತ್ತೇನೆ, ಏಕೆಂದರೆ ಹೊರಗಿನ ಹೆಸರು ಒಂದೇ ಆದರೂ ಒಳಗಿನ ಬೋರ್ಡ್ ಬೇರೆಯಾಗಿರುತ್ತದೆ. ಈ ಟ್ಯಾಬ್‌ಗಳ ಅನೇಕ ತಯಾರಕರು ಇಂದು ಡ್ರೈವರ್ ಒದಗಿಸುತ್ತಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 4 ಜಿಬಿ ರ್ಯಾಮ್ ಮತ್ತು 64 ಜಿಬಿ ಸಂಗ್ರಹ ಕೇಳುವ ವಿಂಡೋಸ್ 11ಕ್ಕೆ ಇವು ಏರಲಾರವು. ಇಂಥ ಸ್ಥಿತಿಯಲ್ಲಿ ಓಡುತ್ತಿರುವ ಒಂದು ಟ್ಯಾಬಿನೊಳಗಿನ ಡ್ರೈವರೇ ಉಳಿದಿರುವ ಏಕೈಕ ಪ್ರತಿಯಾಗಿರಬಹುದು. ವೈ-ಫೈ ಡ್ರೈವರ್ ಆಗಲೇ ಹೋಗಿರುವ ಟ್ಯಾಬ್ ಬಂದರೆ ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಟೆದರಿಂಗ್‌ಗೆ ಇಟ್ಟು ಜೋಡಿಸುತ್ತೇನೆ. ವಿಂಡೋಸ್ 10 ಅದನ್ನು ತಾನಾಗಿ ಗುರುತಿಸಿ ಇಂಟರ್ನೆಟ್ ಪಡೆಯುತ್ತದೆ.

ಆಂಡ್ರಾಯ್ಡ್‌ನಲ್ಲಿ ಈ ಭಯವಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಬಳಕೆದಾರರ ಫೋಟೊ, ಟಿಪ್ಪಣಿಗಳು ಹೋಗುತ್ತವೆಯೇ ಹೊರತು ಡ್ರೈವರುಗಳು ಸಿಸ್ಟಮ್ ಭಾಗದಲ್ಲಿ ಸುರಕ್ಷಿತವಾಗಿರುತ್ತವೆ. ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ಮಾತ್ರ ಮರುಹೊಂದಿಸುವ ಆಯ್ಕೆ ಇರುವಾಗ ಅಷ್ಟು ದೂರ ಹೋಗುವ ಅಗತ್ಯವೂ ಅಪರೂಪ.

ಯುಎಸ್‌ಬಿ ದೂರುಗಳಲ್ಲಿ ನನ್ನ ಮೊದಲ ಅನುಮಾನ ಕೇಬಲಿನ ಮೇಲೆ. ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿಗೆ ಕಾಣಿಸುವುದಿಲ್ಲ ಎಂದರೆ ಡೇಟಾ ತಂತಿಗಳೇ ಇಲ್ಲದ, ಚಾರ್ಜಿಗೆ ಮಾತ್ರ ಮಾಡಿದ ಕೇಬಲ್ ಇರಬಹುದು. ಇಲ್ಲವೇ ಆಂಡ್ರಾಯ್ಡ್ ಅಧಿಸೂಚನೆಯಲ್ಲಿ ಕಡತ ವರ್ಗಾವಣೆ ಆರಿಸದೆ ಚಾರ್ಜಿಂಗ್ ಮಾತ್ರ ಎಂದು ಉಳಿದಿರಬಹುದು. ಚಾರ್ಜ್ ಹಾಕಿಯೇ ಇದ್ದರೂ ಬ್ಯಾಟರಿ ಇಳಿಯುತ್ತದೆ ಎಂಬ ದೂರಿಗೆ ಲೆಕ್ಕವೇ ಉತ್ತರ ಕೊಡುತ್ತದೆ. 28 ಗೇಜಿನ ಸಣ್ಣ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧವಿರುತ್ತದೆ. ಒಂದು ಮೀಟರ್ ಕೇಬಲಿನಲ್ಲಿ ವಿದ್ಯುತ್ ಹೋಗಿಬರಬೇಕಾದ್ದರಿಂದ 0.43 ಓಮ್, 2 ಆಂಪಿಯರ್ ಹರಿದರೆ ದಾರಿಯಲ್ಲೇ 0.85 ವೋಲ್ಟ್ ನಷ್ಟ. ಚಾರ್ಜರ್ 5 ವೋಲ್ಟ್ ಕೊಟ್ಟರೂ ಟ್ಯಾಬಿಗೆ ತಲುಪುವುದು 4.15 ವೋಲ್ಟ್. ಅದೇ ಉದ್ದದ, ಆದರೆ ಹೆಚ್ಚು ದಪ್ಪನೆಯ 24 ಗೇಜಿನ ಕೇಬಲಿನಲ್ಲಿ 4.66 ವೋಲ್ಟ್ ತಲುಪುತ್ತದೆ. ವೋಲ್ಟೇಜ್ ಕುಸಿದರೆ ಟ್ಯಾಬ್ ತಾನೇ ಎಳೆಯುವ ಕರೆಂಟನ್ನು ಕಡಿಮೆ ಮಾಡಿಕೊಳ್ಳುತ್ತದೆ. ನಡುವೆ ಸಿಕ್ಕಿಸುವ ಚಿಕ್ಕ ಯುಎಸ್‌ಬಿ ಮೀಟರ್ ಇದನ್ನು ಕಣ್ಣೆದುರಿಗೇ ತೋರಿಸುತ್ತದೆ; ದುರಸ್ತಿ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಕೊಳ್ಳಲು ಹೇಳುವ ಸಾಧನ ಅದು.

ಒಟಿಜಿ ಕೇಬಲ್ಲಿಗೂ ಚಾರ್ಜಿಂಗ್ ಕೇಬಲ್ಲಿಗೂ ಇರುವ ವ್ಯತ್ಯಾಸವನ್ನು ಅಂಗಡಿಯವರೇ ಕೆಲವೊಮ್ಮೆ ಗಮನಿಸುವುದಿಲ್ಲ. ಮೈಕ್ರೋ ಯುಎಸ್‌ಬಿಯ ಐದು ಪಿನ್ನುಗಳಲ್ಲಿ ನಾಲ್ಕನೆಯದನ್ನು ಗ್ರೌಂಡಿಗೆ ಸೇರಿಸಿದ್ದರೆ ಮಾತ್ರ ಟ್ಯಾಬ್ ತಾನು ಪೆನ್‌ಡ್ರೈವಿಗೆ ವಿದ್ಯುತ್ ಕೊಡಬೇಕೆಂದು ತಿಳಿಯುತ್ತದೆ. ಟೈಪ್-ಸಿಯಲ್ಲಿ ಬೇರೊಂದು ದೋಷ ಕಂಡಿದ್ದೇನೆ: ಚಾರ್ಜರಿನ ಕಡೆಗೆ ಹಳೆಯ ಅಗಲ ತಲೆಯಿರುವ ಕೇಬಲಿನಲ್ಲಿ ಚಾರ್ಜ್ ಆಗುವ ಟ್ಯಾಬ್, ಎರಡೂ ತುದಿ ಟೈಪ್-ಸಿ ಇರುವ ಕೇಬಲಿನಲ್ಲಿ ಸತ್ತಂತೆ ಇರುತ್ತದೆ. ಏನು ಜೋಡಿಸಿದೆ ಎಂದು ತಿಳಿಸುವ, ಟ್ಯಾಬಿನ ಸಿಸಿ ಪಿನ್ನುಗಳಲ್ಲಿ 5.1 ಕಿಲೋ ಓಮ್ ರೆಸಿಸ್ಟರ್ ಇದೆಯೇ ಎಂದು ನೋಡಿಯೇ ಟೈಪ್-ಸಿ ಚಾರ್ಜರ್ ವಿದ್ಯುತ್ ಹರಿಸುತ್ತದೆ; ಬೆಲೆ ಇಳಿಸಲು ಅದನ್ನು ಬಿಟ್ಟುಬಿಟ್ಟ ಬೋರ್ಡುಗಳಿವೆ. ಹಳೆಯ ಬಗೆಯ ಚಾರ್ಜರ್ ಮತ್ತು ಕೇಬಲನ್ನೇ ಬಳಸಿದರೆ ಅದು ನಿರಾತಂಕವಾಗಿ ನಡೆಯುತ್ತದೆ.

ವೈ-ಫೈ ಮತ್ತು ಯುಎಸ್‌ಬಿ ಒಂದಕ್ಕೊಂದು ತೊಡಕಾಗುವುದನ್ನು ಶ್ರೀರಂಗಪಟ್ಟಣದ ಗಣಿತದ ಮೇಷ್ಟ್ರೊಬ್ಬರ ಟ್ಯಾಬಿನಲ್ಲಿ ಸ್ಪಷ್ಟವಾಗಿ ನೋಡಿದೆ. "ಮನೇಲಿ ನೆಟ್ ಚೆನ್ನಾಗೇ ಬರುತ್ತೆ, ಪಾಠಕ್ಕೆ ಕೂತಾಗ ಮಾತ್ರ ಹೋಗುತ್ತೆ ಕಣಪ್ಪ" ಎಂದರು. "ಮೇಷ್ಟ್ರೇ, ಪಾಠದ ಹೊತ್ತಲ್ಲಿ ಟ್ಯಾಬಿಗೆ ಏನೇನು ಚುಚ್ಚಿರ್ತೀರಿ?" ಎಂದು ಕೇಳಿದಾಗ, ಪಾಠದ ವಿಡಿಯೊಗಳಿರುವ ಹಾರ್ಡ್‌ಡಿಸ್ಕ್ ಎಂಬ ಉತ್ತರ ಬಂತು. ಅದು ಯುಎಸ್‌ಬಿ 3.0 ಡಿಸ್ಕ್. ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವ ಆ ಸಂಕೇತದ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಹರಡುತ್ತದೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಬಂಧ ಪ್ರಕಟಿಸಿದೆ. ಡಿಸ್ಕನ್ನು ಒಮ್ಮೆ ತೆಗೆದು, ಮತ್ತೆ ಹಾಕಿ ನೋಡಿದೆವು. ಹಾಕಿದ ಒಡನೆಯೇ ವೈ-ಫೈ ಸಂಕೇತ ಕುಗ್ಗುತ್ತಿತ್ತು, ತಂತಿಯಿಲ್ಲದ ಮೌಸ್ ಕೂಡ ತಡವರಿಸುತ್ತಿತ್ತು. ಆ ಟ್ಯಾಬಿಗೆ 5 ಗಿಗಾಹರ್ಟ್ಸ್ ಇರಲಿಲ್ಲವಾದ್ದರಿಂದ ಡಿಸ್ಕನ್ನು ಯುಎಸ್‌ಬಿ 2.0 ಹಬ್ಬಿನ ಮೂಲಕ ಜೋಡಿಸಿದೆ. ನಕಲು ನಿಧಾನವಾಯಿತು, ಆದರೆ ವಿಡಿಯೊ ಪಾಠಕ್ಕೆ ಆ ವೇಗ ಧಾರಾಳವಾಗಿ ಸಾಕು. ಹಬ್ಬಿಗೆ ಪ್ರತ್ಯೇಕ ವಿದ್ಯುತ್ ಇರುವುದನ್ನೇ ಆರಿಸಿದೆ, ಏಕೆಂದರೆ ಯುಎಸ್‌ಬಿ 2.0 ಕಿಂಡಿ ನಿಯಮದಂತೆ ಕೊಡಬೇಕಾದ್ದು 500 ಮಿಲಿಆಂಪಿಯರ್, ತಿರುಗುವ ಡಿಸ್ಕು ಆರಂಭದಲ್ಲಿ ಅದಕ್ಕಿಂತ ಹೆಚ್ಚು ಕೇಳುತ್ತದೆ.

ಇಷ್ಟಾದರೂ ತೊಂದರೆ ಉಳಿದರೆ ಮಾತ್ರ ಮುಚ್ಚಳ ತೆಗೆಯುತ್ತೇನೆ. ಕೇಬಲನ್ನು ಅಲುಗಿಸಿದಾಗ ಸಂಪರ್ಕ ಬಂದು ಹೋಗುತ್ತಿದ್ದರೆ ಕಿಂಡಿಯ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಅದಕ್ಕೆ ಮೊದಲು ಕಿಂಡಿಯೊಳಗಿನ ಧೂಳನ್ನು ಮರದ ಕಡ್ಡಿಯಿಂದ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ನೋಡುವುದು ಒಳ್ಳೆಯದು. ರೂಟರಿನ ಪಕ್ಕದಲ್ಲಿ ಪೂರ್ಣ ಸಂಕೇತ, ಮುಂದಿನ ಕೋಣೆಯಲ್ಲಿ ಶೂನ್ಯ ಎಂಬ ಸ್ಥಿತಿ ಕಂಡರೆ ಆಂಟೆನಾ ತಂತಿಯ ಗುಂಡಿ ಕಳಚಿರುತ್ತದೆ. ಹಿಂದೆ ಯಾರೋ ಬ್ಯಾಟರಿ ಬದಲಿಸಿದ ಟ್ಯಾಬ್‌ಗಳಲ್ಲಿ ಇದು ಹೆಚ್ಚು. ಅದನ್ನು ಚಿಮುಟದಿಂದ ನೇರವಾಗಿ ಕೂರಿಸಿ ಮೆಲ್ಲಗೆ ಒತ್ತಬೇಕು, ಓರೆಯಾಗಿ ಒತ್ತಿದರೆ ಬೋರ್ಡಿನ ಮೇಲಿನ ಕೂಡುಗುಂಡಿಯೇ ಕಿತ್ತು ಬರುತ್ತದೆ. ಬ್ಯಾಟರಿ ಉಬ್ಬಿ ಪರದೆಯನ್ನು ಎತ್ತುತ್ತಿರುವ ಟ್ಯಾಬ್ ಆದರೆ ವೈ-ಫೈ, ಯುಎಸ್‌ಬಿಗಳ ಮಾತನ್ನು ಬದಿಗಿಟ್ಟು, ಆ ಬ್ಯಾಟರಿ ಹೊರಗೆ ಬರುವವರೆಗೆ ಚಾರ್ಜಿಗೆ ಹಾಕಲು ಯಾರಿಗೂ ಬಿಡುವುದಿಲ್ಲ.