ಹಳೆಯ ನಾಣ್ಯ ತಿಕ್ಕುವ ಮೊದಲು

ಹಳೆಯ ನಾಣ್ಯ ಕೈಗೆ ಸಿಕ್ಕ ಕೂಡಲೇ ತಿಕ್ಕಿ ಫಳಫಳ ಮಾಡೋಣ ಅಂತ ಯಾರಿಗಾದರೂ ಅನಿಸುತ್ತದೆ. ದಯವಿಟ್ಟು ತಡೆಯಿರಿ. ನಾಣ್ಯ ಸಂಗ್ರಹಿಸುವವರು ಕಪ್ಪಾದ ನಾಣ್ಯವನ್ನು ಸಂತೋಷದಿಂದ ತೆಗೆದುಕೊಳ್ಳುತ್ತಾರೆ, ತಿಕ್ಕಿದ್ದನ್ನು ನೋಡಿದರೆ ಪಕ್ಕಕ್ಕಿಡುತ್ತಾರೆ.

ನನಗೆ ಇದು ತಿಳಿದದ್ದು ಒಂದು ಬೆಳ್ಳಿ ನಾಣ್ಯ ಹಾಳು ಮಾಡಿದ ಮೇಲೆ. ಹಿರಿಯರಿಂದ ಬಂದದ್ದು. ಅಂಚಿನಲ್ಲಿ ನೀಲಿ ಛಾಯೆ, ನಡುವೆ ಹೊಗೆ ಬಣ್ಣ. ಟೂತ್‌ಪೇಸ್ಟ್ ಹಚ್ಚಿ ಹಳೆಯ ಬ್ರಷ್‌ನಲ್ಲಿ ಎರಡೇ ನಿಮಿಷ ಉಜ್ಜಿದೆ. ಬೆಳ್ಳಗಾಯಿತು, ಖುಷಿಯೂ ಆಯಿತು. ಸಂಜೆ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದಾಗ ಎದೆ ಧಸಕ್ಕೆಂದಿತು. ಮೈತುಂಬ ಕೂದಲೆಳೆಯಂಥ ಗೀರುಗಳು. ಎಲ್ಲವೂ ನಾನು ಬ್ರಷ್ ಆಡಿಸಿದ ದಿಕ್ಕಿಗೇ ಇದ್ದವು.

ಯಾಕೆ ಹೀಗಾಗುತ್ತದೆ ಅಂದರೆ, ಅಚ್ಚು ಒತ್ತುವಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತದೆ. ಆಗ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಚಲಾವಣೆಯಲ್ಲಿ ಸವೆಯದ ನಾಣ್ಯವನ್ನು ಬೆಳಕಿನಲ್ಲಿ ತಿರುಗಿಸಿದರೆ ಹೊಳಪು ಗಾಡಿಚಕ್ರದ ಹಾಗೆ ಸುತ್ತುತ್ತದಲ್ಲ, ಅದು ಈ ಗೆರೆಗಳದ್ದೇ ಕೆಲಸ. ಒಮ್ಮೆ ತಿಕ್ಕಿದರೆ ಅವು ಹೋದವು. ಮತ್ತೆ ತರಿಸಲು ದಾರಿಯೇ ಇಲ್ಲ. ಇನ್ನು ಕಪ್ಪಿನ ವಿಷಯ. ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅಂಶದ ಜೊತೆ ಸೇರಿ ಕಪ್ಪಾಗುತ್ತದೆ. ಅಂದರೆ ಆ ಕಪ್ಪಿನೊಳಗೆ ಇರುವುದೂ ಬೆಳ್ಳಿಯೇ. ಉಜ್ಜಿದರೆ ಅದೂ ಕಿತ್ತು ಹೋಗುತ್ತದೆ. ಅದ್ದಿ ತೆಗೆಯುವ ದ್ರಾವಣಗಳೂ ಮೇಲಿನ ಪದರವನ್ನು ತಿಂದೇ ಹೊಳೆಸುವುದು. ತಾಮ್ರಕ್ಕೆ ನಿಂಬೆರಸ, ವಿನೆಗರ್ ಹಾಕಿದರೆ ಹಳೆಯ ಕಂದು ಹೋಗಿ ಒಂಥರಾ ಹಸಿ ಗುಲಾಬಿ ಬಣ್ಣ ಬರುತ್ತದೆ. ತಿಳಿದವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಹಾಗಾದರೆ ಏನೂ ಮಾಡಲೇಬಾರದಾ? ಮಾಡಬಹುದು. ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ನಾಣ್ಯದ ಮೇಲೆ ಬಂದು ಕೂತ ಕೊಳೆಯಾ, ಇಲ್ಲಾ ಲೋಹವೇ ಬಣ್ಣ ಬದಲಿಸಿದ್ದಾ? ಮಣ್ಣು, ಎಣ್ಣೆ, ಅಂಟು ಇವೆಲ್ಲ ಮೇಲಿನವು, ತೆಗೆಯಬಹುದು. ಲೋಹದ ಬಣ್ಣ ಬದಲಾಗಿದ್ದರೆ ಮುಟ್ಟುವುದಿಲ್ಲ.

ಮಣ್ಣಿಗೆ ಡಿಸ್ಟಿಲ್ಡ್ ವಾಟರ್ ಸಾಕು. ನಲ್ಲಿ ನೀರಿನ ಕ್ಲೋರಿನ್ ತಾಮ್ರದ ಮೇಲೆ ಕಲೆ ಮಾಡಬಹುದು, ಅದಕ್ಕೇ ಅದು ಬೇಡ. ಬಟ್ಟಲಿನ ತಳಕ್ಕೆ ಮೆತ್ತನೆ ಬಟ್ಟೆ ಹಾಸಿ, ನಾಣ್ಯ ಇಟ್ಟು, ಮುಳುಗುವಷ್ಟು ನೀರು ಹಾಕಿ ಬಿಟ್ಟುಬಿಡಿ. ಮಾರನೆ ದಿನ ನೀರು ಬದಲಿಸಿ. ಅವಸರ ಬೇಡ, ನಾಲ್ಕೈದು ದಿನ ಹಿಡಿದರೂ ಹಿಡಿಯಲಿ. ಒಂದು ಬಟ್ಟಲಿನಲ್ಲಿ ಒಂದೇ ಜಾತಿಯ ಲೋಹ ಇರಬೇಕು. ತಾಮ್ರ, ಬೆಳ್ಳಿ ಒಟ್ಟಿಗೆ ನೆನೆಹಾಕಬೇಡಿ. ತೆಗೆದ ಮೇಲೆ ಹತ್ತಿ ಬಟ್ಟೆಯ ನಡುವೆ ಇಟ್ಟು ಮೆಲ್ಲಗೆ ಒತ್ತಿ, ಅಷ್ಟೇ. ಒರೆಸಬೇಡಿ. ಉಳಿದ ಒಂದು ಮರಳಿನ ಕಣವೂ ಒರೆಸುವಾಗ ಗೀರುತ್ತದೆ.

ಅಂಟು, ಎಣ್ಣೆ ಜಿಡ್ಡು, ಮೆತ್ತನೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಂದ ಹಸಿರು ಲೋಳೆ, ಇವಕ್ಕೆ ಶುದ್ಧ ಅಸಿಟೋನ್ ಬೇಕು. ನೇಲ್ ಪಾಲಿಶ್ ತೆಗೆಯುವ ದ್ರವ ಆಗುವುದಿಲ್ಲ, ಅದರಲ್ಲಿ ಎಣ್ಣೆ, ಬಣ್ಣ, ಸುವಾಸನೆ ಬೆರೆಸಿರುತ್ತಾರೆ. ಗಾಜಿನ ಬಟ್ಟಲು ಬಳಸಿ, ಎಷ್ಟೋ ಬಗೆಯ ಪ್ಲಾಸ್ಟಿಕ್ ಅಸಿಟೋನ್‌ಗೆ ಕರಗುತ್ತದೆ. ಕಿಟಕಿ ತೆರೆದಿರಲಿ. ಹತ್ತಿರ ಒಲೆ, ದೀಪ, ಸಿಗರೇಟು ಏನೂ ಬೇಡ, ಭಗ್ಗನೆ ಹತ್ತಿಕೊಳ್ಳುತ್ತದೆ. ಕೊನೆಗೆ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ತಾನಾಗಿ ಆರಲು ಬಿಡಿ. ಬಣ್ಣದ ಚಿತ್ರ ಬಳಿದ ನಾಣ್ಯಕ್ಕೆ ಮಾತ್ರ ಇದು ಬೇಡವೇ ಬೇಡ.

ಅಲ್ಯುಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು ಹಾಕಿ ಬೆಳ್ಳಿ ಹೊಳೆಸುವ ಉಪಾಯ ಚಮಚಕ್ಕೆ ಒಳ್ಳೆಯದು. ನಾಣ್ಯಕ್ಕೆ ಜೀವವಿಲ್ಲದ ಬಿಳುಪು ಬರುತ್ತದೆ. ಸಂಗ್ರಹಿಸುವವರಿಗೆಂದೇ ವಿಶೇಷವಾಗಿ ಅಚ್ಚು ಹಾಕಿದ, ಕನ್ನಡಿಯಂತೆ ಮಿನುಗುವ ಪ್ರೂಫ್ ನಾಣ್ಯವನ್ನಂತೂ ಸುಮ್ನೆ ಒಮ್ಮೆ ಒರೆಸಿದರೂ ಹಾಳು. ಶುದ್ಧ ಚಿನ್ನ ಕಪ್ಪಾಗುವುದಿಲ್ಲ, ಆದರೆ ತುಂಬ ಮೆದು, ಬೇಗ ಗೀರು ಬೀಳುತ್ತದೆ.

ಕಿಲುಬಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತಾಮ್ರ, ಕಂಚಿನ ಮೇಲೆ ಗಟ್ಟಿಯಾಗಿ, ನಯವಾಗಿ ಹತ್ತಿದ ಕಡುಹಸಿರು ಒಳ್ಳೆಯದು. ಅದು ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಉಗುರು ತಾಗಿಸಿದರೆ ಪುಡಿಪುಡಿ ಉದುರುವ ತಿಳಿಹಸಿರು ಕಂಡರೆ ಹುಷಾರು. ಲೋಹದೊಳಗೆ ಸೇರಿದ ಕ್ಲೋರೈಡ್ ಎಂಬ ಉಪ್ಪಿನ ಅಂಶ ತೇವ ಸಿಕ್ಕಿದಾಗಲೆಲ್ಲ ಲೋಹವನ್ನು ಕೊರೆಯುತ್ತಾ ಹೋಗುತ್ತದೆ. ಅಂಥದ್ದನ್ನು ಬೇರೆ ಮಾಡಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಒಣ ಡಬ್ಬಿಯಲ್ಲಿಟ್ಟು, ನಾಣ್ಯ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಇದರಲ್ಲಿ ಮನೆಮದ್ದಿಗೆ ಕೈ ಹಾಕಬೇಡಿ.

ನಿಜ ಹೇಳಬೇಕೆಂದರೆ, ಇಡುವ ರೀತಿ ಸರಿಯಿದ್ದರೆ ತೊಳೆಯುವ ಮಾತೇ ಬರುವುದಿಲ್ಲ. ಹಸಿರು ಲೋಳೆ ಬರಿಸುವ ಆ ಮೆತ್ತನೆ ಪ್ಲಾಸ್ಟಿಕ್‌ನ ಪಿವಿಸಿ ಕವರ್ ಬೇಡ, ಪಾಲಿಯೆಸ್ಟರ್ ಕವರ್ ಕೇಳಿ ತನ್ನಿ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆಯಲ್ಲಿ ಗಂಧಕ ಇರುತ್ತದೆ, ಅವು ಬೆಳ್ಳಿಯ ಹತ್ತಿರ ಬೇಡ. ನಾಣ್ಯ ಕೈಯಲ್ಲಿ ಹಿಡಿದು ಅದರ ಮೇಲೆ ಬಾಗಿ ಮಾತಾಡಬೇಡಿ, ಎಂಜಲಿನ ಹನಿ ಕಲೆಯಾಗಿ ಉಳಿಯುತ್ತದೆ. ಬೆರಳಿನ ಬೆವರೂ ಅಷ್ಟೇ, ತಾಮ್ರದ ಮೇಲೆ ಬೆರಳಚ್ಚು ಕೆಲವು ತಿಂಗಳಲ್ಲಿ ಕಂದಾಗಿ ಎದ್ದು ಕಾಣುತ್ತದೆ. ಹೆಬ್ಬೆರಳು, ತೋರುಬೆರಳಿನಲ್ಲಿ ಅಂಚು ಮಾತ್ರ ಹಿಡಿಯಿರಿ. ಮಕ್ಕಳಿಗೆ ತೋರಿಸುವಾಗ ಕೆಳಗೆ ದಪ್ಪ ಟವೆಲ್ ಹಾಸಿರಿ. ಕೈ ಜಾರಿದರೂ ನಾಣ್ಯ ಮೆತ್ತಗೆ ಬೀಳುತ್ತದೆ.